ಹಗ್ಗ ಅತ್ತ, ನೀರು ಇತ್ತ

"ಬುದ್ಧೀ, ಇಬ್ಬರು ಬಲಶಾಲಿಗಳು ಕಾದಾಟ ಬಿಟ್ಟು, ಇಷ್ಟು ನಿನಗೆ ಇಷ್ಟು ನನಗೆ ಎಂದು ಹಂಚಿಕೊಂಡರೆ ಅದಕ್ಕಿಂತ ದೊಡ್ಡ ಧರ್ಮ ಉಂಟೇ?"

ಹೀಗೆಂದು ತನ್ನ ಗುರುಗಳನ್ನು ಕೇಳಿದವನು ಗುಡ್ಡದ ಮಠದ ಶಿಷ್ಯ ಮರುಳಯ್ಯ. ಉತ್ತರ ಬೇಕೆಂದು ಕೇಳಿದ್ದಲ್ಲ, ಶಹಬ್ಬಾಸ್ ಎನ್ನಿಸಿಕೊಳ್ಳಬೇಕೆಂದು ಕೇಳಿದ್ದು. ಅದು ಗುರುಗಳಿಗೂ ಗೊತ್ತಾಯಿತು.

ಗುಡ್ಡದ ಮಠಕ್ಕೂ ಹೊಳೆಯ ಮಠಕ್ಕೂ ಭಿಕ್ಷೆಯ ಊರುಗಳ ತಕರಾರು ಹಳೆಯದು. ಒಂದೇ ಊರಿಗೆ ಎರಡೂ ಮಠದವರು ಜೋಳಿಗೆ ಹಿಡಿದು ಹೋಗುವುದು, ಅಗಸೆ ಬಾಗಿಲಲ್ಲಿ ಎದುರುಬದುರಾಗುವುದು, ಯಾರು ಮೊದಲು ಎಂದು ಮುಖ ಗಂಟಿಕ್ಕುವುದು ನಡೆದೇ ಇತ್ತು. ಮರುಳಯ್ಯ ಹೊಳೆಯ ಮಠಕ್ಕೆ ಹೋಗಿ, ಕುಳಿತು ಮಾತಾಡಿ, ಅದನ್ನು ಮುಗಿಸಿ ಬಂದಿದ್ದ. ಹಳ್ಳದ ಈಚಿನ ಊರುಗಳು ಗುಡ್ಡದ ಮಠಕ್ಕೆ, ಆಚಿನವು ಹೊಳೆಯ ಮಠಕ್ಕೆ. ಇವರು ಅಲ್ಲಿ ಉಣ್ಣುವಂತಿಲ್ಲ, ಅವರು ಇಲ್ಲಿ ಉಣ್ಣುವಂತಿಲ್ಲ.

"ಒಪ್ಪಂದವನ್ನು ಮೊದಲು ಪಾಲಿಸಿದವನೂ ನಾನೇ," ಎಂದ ಮರುಳಯ್ಯ. "ಬರುವಾಗ ಹಳ್ಳದ ಆಚೆಯ ಊರಲ್ಲಿ ಒಬ್ಬ ಮುದುಕಮ್ಮ ಕೂಗಿದರು. ಮೊದಲಿಂದಲೂ ನಮ್ಮ ಮಠದವರಿಗೆ ಇಕ್ಕುತ್ತ ಬಂದವರು. ಮುದ್ದೆ, ಸೊಪ್ಪಿನ ಸಾರು ತಟ್ಟೆಗೆ ಹಾಕಿಕೊಂಡೇ ಬಾಗಿಲಿಗೆ ಬಂದಿದ್ದರು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ, 'ತಾಯಿ, ಇಂದಿನಿಂದ ನಿಮ್ಮ ಊರು ಹೊಳೆಯ ಮಠದ್ದು, ನಾನು ಇಲ್ಲಿ ಉಣ್ಣುವಂತಿಲ್ಲ' ಎಂದು ಹೇಳಿ, ತಿರುಗಿ ನೋಡದೆ ಬಂದುಬಿಟ್ಟೆ."

ಗುರುಗಳು ಅವನ ಹೊಟ್ಟೆಯ ಕಡೆ ನೋಡಿದರು.

"ಹಾಗಾದರೆ ಉಪವಾಸ ಬಂದಿದ್ದೀಯ. ಒಳಗೆ ಅಂಬಲಿ ಇದೆ. ಮೊದಲು ಒಂದು ಕತೆ ಕೇಳು, ಆಮೇಲೆ ಕುಡಿಯುವೆಯಂತೆ. ನನ್ನ ಗುರುಗಳು ನನಗೆ ಹೇಳಿದ್ದು. ತುಂಬಿದ ಹೊಟ್ಟೆಯವರಿಗೆ ಇದು ಹಿಡಿಸುವುದಿಲ್ಲ."

ಮರುಳಯ್ಯ ನಕ್ಕು, ಕಾಲು ಮಡಿಸಿ ಕುಳಿತ. ಗುರುಗಳು ಹೇಳತೊಡಗಿದರು.

ಮೂಡಣದಲ್ಲಿ ಒಬ್ಬ ಚಕ್ರವರ್ತಿ. ಪಡುವಣದಲ್ಲಿ ಒಬ್ಬ ಚಕ್ರವರ್ತಿ. ನಡುವೆ ಒಂದು ಬಯಲು. ಬಯಲಲ್ಲಿ ಹುಲ್ಲು ಉಂಟು, ಕುರಿ ಉಂಟು, ಕುರಿ ಕಾಯುವ ಜನ ಉಂಟು. ಬಂಗಾರವಿಲ್ಲ, ಬೆಳೆಯಿಲ್ಲ, ಕೋಟೆಯಿಲ್ಲ. ಆದರೂ ಇಬ್ಬರಿಗೂ ಆ ಬಯಲು ಬೇಕು. ಏಕೆಂದರೆ ಅದು ಇನ್ನೊಬ್ಬನಿಗೆ ಸಿಕ್ಕರೆ ಅವನು ತನ್ನ ಹೊಸ್ತಿಲಿಗೇ ಬಂದು ಕುಳಿತ ಹಾಗೆ. ದೊಡ್ಡವರ ಭಯವೂ ದೊಡ್ಡದು, ಮರುಳಯ್ಯ. ನಮ್ಮಂಥವರು ಕಳ್ಳನಿಗೆ ಹೆದರಿದರೆ ಅವರು ನೆರೆಮನೆಯವನಿಗೆ ಹೆದರುತ್ತಾರೆ.

ಆ ಬಯಲಿಗಾಗಿ ಅವರ ಅಪ್ಪಂದಿರು ಕಾದಾಡಿದ್ದರು, ಅಜ್ಜಂದಿರೂ ಕಾದಾಡಿದ್ದರು. ಬಯಲಿನ ಜನ ಆಗೆಲ್ಲ ಕುರಿ ಹೊಡೆದುಕೊಂಡು ದೂರ ಸರಿಯುವರು, ದಂಡು ಹೋದ ಮೇಲೆ ಮರಳಿ ಬರುವರು. ತಾವು ಮೂಡಣದವರೋ ಪಡುವಣದವರೋ ಎಂದು ಅವರು ಯೋಚಿಸಿದವರೇ ಅಲ್ಲ. ಅವರಿಗೆ ಗೊತ್ತಿದ್ದದ್ದು ಒಂದು ಬಾವಿ.

ಬಯಲಿಗೆಲ್ಲ ಅದೊಂದೇ ಬಾವಿ. ಬಹಳ ಆಳದ್ದು. ಕಲ್ಲು ಹಾಕಿದರೆ, ಹಾಕಿದವನು ಅದನ್ನು ಮರೆತ ಮೇಲೆ ಸದ್ದು ಬರುತ್ತಿತ್ತಂತೆ. ನಿಂತು ಸೇದಲು ಆಗುವ ಬಾವಿಯಲ್ಲ. ಬಾಯಿಯ ಮೇಲೆ ಒಂದು ರಾಟೆ. ರಾಟೆಯ ಮೇಲಿಂದ ಒಂದು ದಪ್ಪ ಹಗ್ಗ. ಹಗ್ಗದ ಒಂದು ತುದಿಗೆ ತೊಗಲಿನ ದೊಡ್ಡ ಬಾನಿ, ಅದು ಬಾವಿಯೊಳಕ್ಕೆ. ಇನ್ನೊಂದು ತುದಿಯನ್ನು ಹತ್ತಾರು ಜನ ಹೆಗಲಿಗೆ ಹಾಕಿಕೊಂಡು ಪಡುವಣದ ಕಡೆಗೆ ನಡೆಯಬೇಕು. ಬಾವಿ ಎಷ್ಟು ಆಳವೋ ಅಷ್ಟು ದೂರ ನಡೆಯಬೇಕು. ಅಷ್ಟು ದೂರ ಹೋದಾಗ ಇತ್ತ ಮೂಡಣದ ಕಡೆ ಬಾನಿ ಮೇಲೆ ಬರುತ್ತದೆ. ಅಲ್ಲಿ ನಿಂತವರು ಅದನ್ನು ಹಿಡಿದು ಕಲ್ಲುತೊಟ್ಟಿಗೆ ಸುರಿದುಕೊಳ್ಳುತ್ತಾರೆ.

ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೋ. ಎಳೆದವನು ಅಲ್ಲೆಲ್ಲೋ ದೂರದಲ್ಲಿರುತ್ತಾನೆ. ನೀರು ಬರುವುದು ಇನ್ನೊಬ್ಬನ ಮುಂದೆ. ಆ ಬಾವಿಯಲ್ಲಿ ತನಗಾಗಿ ನೀರು ಎಳೆದುಕೊಳ್ಳುವುದು ಯಾರಿಂದಲೂ ಆಗದ ಕೆಲಸ. ಯಾರೇ ಎಳೆಯಲಿ, ಇನ್ನೊಬ್ಬರಿಗೆ ಎಳೆಯಬೇಕು. ಯಾರೇ ಕುಡಿಯಲಿ, ಇನ್ನೊಬ್ಬರು ಎಳೆದದ್ದನ್ನು ಕುಡಿಯಬೇಕು. ಕುಡಿದವರು ಹೋಗಿ ಹಗ್ಗ ಹಿಡಿಯಬೇಕು. ಬಯಲಿನ ಜನಕ್ಕೆ ಇದ್ದ ಕಟ್ಟಳೆ ಇದೊಂದೇ. ಇದನ್ನು ಅವರು ನೀರಿನ ಹಂಗು ಎನ್ನುತ್ತಿದ್ದರು. ಯಾರು ಎಳೆದ ನೀರು ಕುಡಿದೆಯೋ ಅವನ ಮೇಲೆ ಬಾವಿಯ ಹತ್ತಿರ ಕೈ ಎತ್ತುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವಲ್ಲ, ಹಾಗೆ. ಅವರಲ್ಲಿ ಜಗಳ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಹುಲ್ಲಿಗೆ ಜಗಳ, ಟಗರಿಗೆ ಜಗಳ, ಹೆಣ್ಣಿಗೆ ಜಗಳ, ಕೊಲೆಯೂ ಆಗುತ್ತಿತ್ತು. ಆದರೆ ಎಂಥ ಹಗೆಯೂ ಮಾರನೆಯ ದಿನ ಬಾವಿಗೆ ಬರಲೇಬೇಕು, ಹಗ್ಗ ಹಿಡಿಯಲೇಬೇಕು.

ಹೀಗಿರುವಾಗ ಚಕ್ರವರ್ತಿಗಳಿಬ್ಬರಿಗೂ ಕಾದಾಟ ಸಾಕಾಯಿತು. ಬಯಲನ್ನು ಹಂಚಿಕೊಳ್ಳೋಣ, ಇಲ್ಲಿಯವರೆಗೆ ನನ್ನ ಪ್ರಭಾವ, ಅಲ್ಲಿಂದಾಚೆ ನಿನ್ನ ಪ್ರಭಾವ ಎಂದು ಒಪ್ಪಿಕೊಂಡರು. ಇಬ್ಬರ ಮಂತ್ರಿಗಳೂ ದೂರದ ಒಂದು ಪಟ್ಟಣದಲ್ಲಿ ಕೂಡಿದರು. ತಣ್ಣನೆಯ ಚಾವಡಿ, ಮೆತ್ತನೆಯ ಹಾಸು, ಕೇಳಿದಾಗೆಲ್ಲ ಪಾನಕ. ಬಟ್ಟೆಯ ಮೇಲೆ ಬಯಲಿನ ನಕ್ಷೆ ಬರೆಸಿ ನಡುವೆ ಹರಡಿಕೊಂಡರು. ಹುಲ್ಲಿನ ಬಗ್ಗೆ ಬೇಗ ಒಪ್ಪಿದರು. ಬಾವಿಯ ಹತ್ತಿರ ಬಂದಾಗ ಮಾತು ನಿಂತಿತು. ಬಾವಿ ನನ್ನದು ಎಂದು ಇವನು, ನನ್ನದು ಎಂದು ಅವನು. ಕಡೆಗೆ ಯಾರೋ ಒಬ್ಬ ಜಾಣ, ಗೆರೆಯನ್ನು ಬಾವಿಯ ನಡುಮಧ್ಯಕ್ಕೇ ಎಳೆಯಿರಿ, ಅರ್ಧ ಅವರಿಗೆ ಅರ್ಧ ಇವರಿಗೆ ಎಂದ. ಇಬ್ಬರೂ ಎದ್ದು ಅಪ್ಪಿಕೊಂಡರು. ನಕ್ಷೆಯಲ್ಲಿ ಬಾವಿ ಎಂದರೆ ಒಂದು ಚುಕ್ಕೆ. ಚುಕ್ಕೆಗೆ ಹಗ್ಗದ ಕಡೆ ಯಾವುದು, ನೀರಿನ ಕಡೆ ಯಾವುದು ಎಂದು ಯಾರಿಗೆ ಕಾಣಬೇಕು?

ಇನ್ನೊಂದು ಕಲಮೂ ಸೇರಿತು. ಕೊಟ್ಟು ತೆಗೆದುಕೊಳ್ಳುವುದರಿಂದಲೇ ಒಬ್ಬರ ಪ್ರಭಾವ ಇನ್ನೊಬ್ಬರ ನೆಲಕ್ಕೆ ನುಗ್ಗುತ್ತದೆ ಎಂದು ಮಂತ್ರಿಗಳಿಗೆ ಗೊತ್ತಿತ್ತು. ಆದ್ದರಿಂದ ಮೂಡಣದ ಕಡೆಯವರು ಪಡುವಣದವರ ಕೈಯಿಂದ ಏನನ್ನೂ ಪಡೆಯಬಾರದು, ಅವರು ಇವರಿಂದ ಪಡೆಯಬಾರದು, ಯಾರೂ ಗೆರೆ ದಾಟಬಾರದು, ತಪ್ಪಿದವರಿಗೆ ಸಾವು ಎಂದು ಬರೆದರು. ಇನ್ನುಮುಂದೆ ಈ ಬಯಲಲ್ಲಿ ರಕ್ತ ಹರಿಯುವುದಿಲ್ಲ ಎಂದು ಇಬ್ಬರಿಗೂ ನಿಜವಾಗಿ ಸಂತೋಷವಾಯಿತು. ಅವರು ಕೆಟ್ಟವರಲ್ಲ, ಮರುಳಯ್ಯ. ಅದನ್ನು ನೆನಪಿಟ್ಟುಕೋ. ನಿನ್ನ ಹಾಗೆಯೇ ಸಂತೋಷಪಟ್ಟರು.

ಮೊದಲು ದಳಪತಿಗಳು ಬಂದರು, ಆ ಕಡೆಗೊಬ್ಬ ಈ ಕಡೆಗೊಬ್ಬ. ಬಾವಿಯ ಎರಡು ಪಕ್ಕಕ್ಕೆ ಗಡಿಗಲ್ಲು ನೆಟ್ಟರು, ಕಾವಲು ಹಾಕಿದರು. ಮಾರನೆಯ ಬೆಳಿಗ್ಗೆ ಎಂದಿನಂತೆ ಪಡುವಣದ ಕಡೆಯ ಕುರಿಗಾರರು ಹಗ್ಗ ಎಳೆದರು. ಮೂಡಣದ ಕಡೆ ಬಾನಿ ಮೇಲೆ ಬಂತು. ಅದನ್ನು ಹಿಡಿದವಳು ಒಬ್ಬ ಮುದುಕಿ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಬಾನಿಗೆ ಕೈ ಹಾಕುವ ಮರ್ಯಾದೆ ಅವಳದು. ಅವಳು ತೊಟ್ಟಿಗೆ ಸುರಿಯುವ ಮೊದಲೇ ಮೂಡಣದ ದಳಪತಿ ಬಾನಿಗೆ ಕೈಯಿಟ್ಟ.

"ಇದನ್ನು ಎಳೆದವರು ಪಡುವಣದವರು. ನೀವು ಪಡೆಯುವಂತಿಲ್ಲ," ಎಂದು ನೀರನ್ನು ಬಾವಿಗೇ ಸುರಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅಂದು ಅವರ ಕಣ್ಣ ಮುಂದೆಯೇ ನಡೆಯಿತು.

ಮುದುಕಿ ಅವನ ಮುಖ ನೋಡಿದಳು.

"ಅಲ್ಲಪ್ಪಾ, ಹಗ್ಗ ಅತ್ತ ಐತೆ, ನೀರು ಇತ್ತ ಬರ್ತೈತೆ. ನಾವು ಕುಡಿಯೋದು ಹೆಂಗೆ?"

ದಳಪತಿಗೆ ಅದು ತಿಳಿಯದು. ಒಪ್ಪಂದಕ್ಕೆ ಕಡೆಯ ಮುದ್ರೆ ಒತ್ತಲು ಮಂತ್ರಿಗಳೇ ಇಲ್ಲಿಗೆ ಬರುತ್ತಿದ್ದಾರೆ, ಅವರನ್ನು ಕೇಳಿ ಎಂದ. ಆ ಕಡೆಯ ದಳಪತಿಯೂ ಅದನ್ನೇ ಹೇಳಿದ. ಜನ ಕಾದರು. ದೊಡ್ಡವರು ಬಂದರೆ ಸರಿಹೋಗುತ್ತದೆ ಎಂದು ನಂಬುವುದು ಜನದ ಹಳೆಯ ಚಾಳಿ.

ಡೇರೆಗಳಲ್ಲಿ ಕೂಡಿಟ್ಟ ನೀರು ತಳ ಕಂಡಿತು. ಹಾಲೂಡುವ ಕುರಿಗಳ ಕೆಚ್ಚಲು ಬತ್ತಿತು. ಮರಿಗಳು ತೊಟ್ಟಿಯ ಒಣ ಕಲ್ಲನ್ನು ನೆಕ್ಕುತ್ತಿದ್ದವು. ಮುದುಕಿಯ ಡೇರೆಯಲ್ಲಿ ಅವಳ ಮೊಮ್ಮಗಳಿದ್ದಳು, ತವರಿಗೆ ಬಂದ ಚೊಚ್ಚಲ ಬಾಣಂತಿ. ಅವಳಿಗೆ ಒಂದು ಮಡಕೆ ನೀರು ಎತ್ತಿಟ್ಟಿದ್ದರು. ಮನೆಯವರೆಲ್ಲ ಬಾಯಿ ಕಟ್ಟಿ ಅದನ್ನು ಅವಳಿಗೇ ಬಿಟ್ಟಿದ್ದರು. ಅದೂ ಮುಗಿಯಿತು. ಮೊಮ್ಮಗಳ ಎದೆಯಲ್ಲಿ ಹಾಲು ನಿಂತಿತು. ಮಗು ಮೊದಲು ಅಳುತ್ತಿತ್ತು, ಆಮೇಲೆ ಅಳುವುದನ್ನು ಬಿಟ್ಟಿತು. ಅಳದ ಮಗುವಿಗೆ ಹೆಚ್ಚು ಹೆದರಬೇಕು ಎಂದು ಹೆತ್ತವರಿಗೆ ಗೊತ್ತು.

ಮಂತ್ರಿಗಳು ಬಂದರು. ಡೋಲು, ಕಹಳೆ, ರೇಷ್ಮೆಯ ಕೊಡೆ. ಬಾವಿಗೆ ಹೋಗುತ್ತಿದ್ದೇವಲ್ಲ ಎಂದು ನೀರನ್ನು ದಾರಿಗಾಗುವಷ್ಟೇ ತಂದಿದ್ದರು. ಅದೂ ಖಾಲಿಯಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಬಂದವರೇ ನೀರು ತನ್ನಿ ಎಂದರು. ದಳಪತಿಗಳು ತಲೆ ತಗ್ಗಿಸಿ, ಹಗ್ಗ ಅತ್ತ, ನೀರು ಇತ್ತ ಎಂದು ಹೇಳಿದರು.

ಮಂತ್ರಿಗಳು ಬಾವಿಯನ್ನು ಆಗ ನೋಡಿದರು. ತಾವು ಮಾಡಿದ್ದೇನೆಂದು ಇಬ್ಬರಿಗೂ ಅದೇ ಕ್ಷಣ ಹೊಳೆಯಿತು. ಒಬ್ಬನಾದರೂ, ತಪ್ಪಾಯಿತು, ನಿಮ್ಮವರು ಎಳೆಯಲಿ, ನಮ್ಮವರು ಕುಡಿಯಲಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೊದಲು ಕೇಳಿದವನ ಸಾಮ್ರಾಜ್ಯ ಇನ್ನೊಬ್ಬನ ಹಂಗಿಗೆ ಬೀಳುತ್ತದೆ. ಅವನೇ ಕೇಳಲಿ ಎಂದು ಇವನು, ಇವನೇ ಕೇಳಲಿ ಎಂದು ಅವನು. ಗಡಿಗಲ್ಲಿನ ಎರಡೂ ಕಡೆ ಹಾಸು ಹಾಸಿಕೊಂಡು ಕುಳಿತು ನೀರಿಗೊಂದು ಹೊಸ ಕಲಮು ಬರೆಯಲು ಹೊರಟರು.

ಪಡುವಣದ ಮಂತ್ರಿ ಹೇಳಿದ: ನಮ್ಮವರು ಎಳೆದದ್ದರಿಂದ ನೀರು ನಮ್ಮದು, ನಿಮಗೆ ಕೊಡುವುದು ನಮ್ಮ ದಯೆ ಎಂದು ಬರೆಯೋಣ. ಮೂಡಣದ ಮಂತ್ರಿ ಹೇಳಿದ: ನೀರು ಬರುವುದು ನಮ್ಮ ನೆಲದಲ್ಲಿ, ನೀವು ಎಳೆಯುವುದು ನಮಗೆ ಸಲ್ಲಿಸುವ ಕಪ್ಪ ಎಂದು ಬರೆಯೋಣ. ದಯೆಯೋ, ಕಪ್ಪವೋ? ಬಿಸಿಲು ನೆತ್ತಿಗೆ ಬಂತು. ತುಟಿ ಒಡೆಯಿತು. ನಾಲಗೆ ದಪ್ಪವಾಗಿ ಮಾತು ತೊದಲತೊಡಗಿತು. ಸುತ್ತ ಸೈನಿಕರು ಭರ್ಜಿಗೆ ಒರಗಿ ತೂಗಾಡುತ್ತಿದ್ದರು. ಲೋಕದ ಅರ್ಧ ಒಬ್ಬನದು, ಇನ್ನರ್ಧ ಇನ್ನೊಬ್ಬನದು. ಬತ್ತದ ಬಾವಿಯ ಕಟ್ಟೆಯ ಪಕ್ಕದಲ್ಲೇ ಇಬ್ಬರೂ ಒಣಗುತ್ತ ಕುಳಿತಿದ್ದರು.

ಮುದುಕಿ ಡೇರೆಯಿಂದ ಬರಿಯ ಮಡಕೆ ಹಿಡಿದು ಬಂದಳು. ಬಾವಿಯ ಬಾಯಲ್ಲಿ, ತಾನು ದಿನವೂ ನಿಲ್ಲುವ ಜಾಗದಲ್ಲಿ ನಿಂತಳು. ಯಾರನ್ನೂ ಏನನ್ನೂ ಕೇಳಲಿಲ್ಲ. ಖಾಲಿ ಬಾನಿಯನ್ನು ಬಾವಿಗೆ ಇಳಿಬಿಟ್ಟಳು. ಹಗ್ಗ ಸರಸರ ಇಳಿಯಿತು. ಇಳಿದ ಹಗ್ಗದ ಇನ್ನೊಂದು ತುದಿ ಪಡುವಣದ ಕಡೆ ನೆಲದ ಮೇಲೆ ಬಿದ್ದಿತ್ತು.

ಆ ಕಡೆಯ ಗುಂಪಿನಿಂದ ಒಬ್ಬ ಮುದುಕ ಎದ್ದುಬಂದ. ಎತ್ತರದ ಆಳು, ಬೆನ್ನು ಬಾಗಿತ್ತು. ಹಗ್ಗ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಪಡುವಣದ ದಳಪತಿ ಓಡಿಬಂದು ಭರ್ಜಿಯ ಮೊನೆಯನ್ನು ಅವನ ಎದೆಗೆ ಇಟ್ಟ.

"ಬಿಡು. ಗೆರೆಯಾಚೆಯವರಿಗೆ ಎಳೆದರೆ ಸಾವು."

ಮುದುಕ ಹಗ್ಗ ಬಿಡಲಿಲ್ಲ. "ಅಕಾ, ಅಲ್ಲಿ ನಿಂತವಳೆ ನೋಡು, ಆಯಮ್ಮನ ಗಂಡನ್ನ ಕೊಂದೋನು ನಾನು," ಎಂದ. "ಅಂಥ ನನಗೇ ಆಯಮ್ಮ ನೀರು ಎಳೆದವಳೆ. ಇವತ್ತು ನಾನು ಎಳೀದಿದ್ರೆ ನಾನು ಏನು ಮನುಸ? ಹೊಡೆಯೋದಾದ್ರೆ ಹೊಡಿ."

ದಳಪತಿಯ ಕೈ ಬಿಗಿಯಾಯಿತು. ಅವನೂ ಆಜ್ಞೆಗೆ ಕಟ್ಟುಬಿದ್ದವನು. ಇನ್ನೇನು ತಿವಿಯಬೇಕು, ಆಗ ಬಾವಿಯ ಈ ಕಡೆಯಿಂದ ಮುದುಕಿ ಮಾತಾಡಿದಳು. ಬಾಯಾರಿ ಸ್ವರ ಒಡೆದಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

"ಅವನ್ನ ಕೊಲ್ಲೋ ಹಕ್ಕು ಈ ಬಯಲಾಗೆ ಯಾರಿಗಾದ್ರೂ ಇದ್ರೆ ಅದು ನನಗೆ. ನಾನೇ ಕೊಲ್ಲಲಿಲ್ಲ. ನೀನು ಯಾರಪ್ಪಾ?"

ಇಲ್ಲಿಗೆ ಬಂದಾಗ ಗುರುಗಳು ಕತೆ ನಿಲ್ಲಿಸಿದರು. "ಈ ಮಾತನ್ನು ಮೊದಲು ಕೇಳಿದಾಗ ನನಗೆ ನಿನ್ನ ವಯಸ್ಸು," ಎಂದರು. "ಅಂದು ಮೈ ಜುಮ್ಮೆಂದಿತು. ಇಂದೂ ಅನ್ನುತ್ತದೆ." ಮತ್ತೆ ಮುಂದುವರಿಸಿದರು.

ಹಿಂದೆ ನಡೆದದ್ದು ಇಷ್ಟು. ಹರೆಯದಲ್ಲಿ ಹುಲ್ಲಿನ ಜಗಳವಾಗಿ, ಅವನ ದೊಣ್ಣೆಯ ಪೆಟ್ಟಿಗೆ ಅವಳ ಗಂಡ ಸತ್ತ. ಸೂತಕ ಕಳೆದು ಅವಳು ಬಾವಿಗೆ ಬಂದ ದಿನ ಹಗ್ಗದ ಸರದಿ ಅವಳ ಮನೆಯದಾಗಿತ್ತು, ಕುಡಿಯುವ ಸರದಿ ಅವನ ಮನೆಯದು. ಅವಳು ಹಗ್ಗ ಬಿಸಾಡಿ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಹಗ್ಗವನ್ನು ಹೆಗಲಿಗೆ ಹಾಕಿಕೊಂಡಳು. ಅಳುತ್ತ ಎಳೆದಳು, ಶಪಿಸುತ್ತ ಎಳೆದಳು, ಆದರೆ ಕಡೆಯವರೆಗೂ ಎಳೆದಳು. ಬಾನಿ ಮೇಲೆ ಬಂದಾಗ ಅವನು ಅದರ ಮುಂದೆ ಮಂಡಿಯೂರಿ ಕುಳಿತುಬಿಟ್ಟನಂತೆ. ಅಂದಿನಿಂದ ಅವಳ ಕುರಿಗಳು ನೀರಿಗೆ ಬಂದಾಗೆಲ್ಲ, ಸರದಿ ಯಾರದೇ ಇರಲಿ, ಹಗ್ಗದ ತುದಿಯಲ್ಲಿ ಅವನು ಇರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದ್ದಿಲ್ಲ. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ಯಾರೂ ಕೇಳಿದ್ದಿಲ್ಲ. ನೀರು ಮಾತ್ರ ನಿಲ್ಲಲಿಲ್ಲ.

ದಳಪತಿಯ ಭರ್ಜಿ ತಾನಾಗಿ ಕೆಳಗಿಳಿಯಿತು. ಮುದುಕ ನಡೆಯತೊಡಗಿದ. ಆದರೆ ಅದು ಒಬ್ಬನ ಕೈಯಲ್ಲಾಗುವ ಕೆಲಸವಲ್ಲ. ಹೆಗಲಿಗೆ ಹಗ್ಗ ಕಚ್ಚಿ ನಿಂತುಬಿಟ್ಟ. ಹಿಂದಿನಿಂದ ಒಬ್ಬ ಕುರಿಗಾರ ಬಂದು ಹಗ್ಗ ಹಿಡಿದ. ಮತ್ತೊಬ್ಬ ಬಂದ. ಹೆಂಗಸರು ಸೆರಗು ಸಿಕ್ಕಿಸಿ ಬಂದರು. ಕಡೆಗೆ ಪಡುವಣದ ಒಬ್ಬ ಸೈನಿಕ ಭರ್ಜಿಯನ್ನು ನೆಲಕ್ಕೆ ಹಾಕಿ, ದಳಪತಿಯ ಮುಖ ನೋಡದೆ ಹೋಗಿ ಸೇರಿಕೊಂಡ. ಹಗ್ಗ ಸರಿಯಿತು. ರಾಟೆ ಕಿರುಗುಟ್ಟಿತು. ಆ ಸದ್ದಿಗೆ ಬಯಲಿನ ಕುರಿಗಳೆಲ್ಲ ತಲೆ ಎತ್ತಿದವು.

ಬಾನಿ ಮೇಲೆ ಬಂತು. ಮೂಡಣದ ದಳಪತಿ ಮುಂದೆ ಬರಲಿಲ್ಲ, ಅವನ ಮಂತ್ರಿ ಕೈ ಎತ್ತಿ ತಡೆದಿದ್ದ. ಮುದುಕಿ ಮೊದಲು ಮಡಕೆ ತುಂಬಿಸಿ ಮೊಮ್ಮಗಳಿಗೆ ಕಳಿಸಿದಳು. ಆಮೇಲೆ ಮೂಡಣದ ಮಂತ್ರಿಯ ಬೊಗಸೆಗೆ ಸುರಿದಳು. ಅವನು ಕುಡಿದ. ಆಮೇಲೆ ಗಡಿಗಲ್ಲಿನ ಆಚೆ ಕುಳಿತಿದ್ದ ಪಡುವಣದ ಮಂತ್ರಿಯನ್ನು ನೋಡಿ, ಬಾ ಎಂದು ಕೈ ಮಾಡಿದಳು. ಅವನು ಎದ್ದು ಗೆರೆ ದಾಟಿ ಬಂದ. ತಾನು ಗೆರೆ ದಾಟಿದೆನೆಂದು ಅವನಿಗೆ ಆ ಹೊತ್ತಿನಲ್ಲಿ ನೆನಪೇ ಇರಲಿಲ್ಲ. ಅವನೂ ಬೊಗಸೆಯೊಡ್ಡಿ ಕುಡಿದ.

"ಕುಡಿದೋರು ಎಳೀಬೇಕು," ಎಂದಳು ಮುದುಕಿ. "ಹೋಗ್ರಪ್ಪಾ, ಕುರಿ ಕಾಯ್ತಾ ಅವೆ."

ಚಕ್ರವರ್ತಿಯ ಮುಂದೆ ಬಿಟ್ಟು ಇನ್ನೆಲ್ಲೂ ಬಾಗದ ಇಬ್ಬರು, ಜರಿಯ ಜೋಡು ಕಳಚಿಟ್ಟು ಹಗ್ಗದ ತುದಿಗೆ ಹೋದರು. ಅಲ್ಲಿ ನೆಲವೆಲ್ಲ ಕಪ್ಪು ಬಂಡೆ. ಬಂಡೆಯ ಮೇಲೆ ಉದ್ದಕ್ಕೂ ಒಂದು ಕಾಲುವೆಯಂಥ ದಾರಿ, ಮೊಳಕಾಲಿನಷ್ಟು ಆಳ. ಒಳಗೆಲ್ಲ ನುಣುಪು. ಮೂಡಣದ ಮಂತ್ರಿ ಅದರಲ್ಲಿ ಕಾಲಿಟ್ಟಾಗ ಅವನ ಪಾದ ಸರಿಯಾಗಿ ಕೂತಿತು. ಮುಂದೆ ಹಗ್ಗ ಹೊತ್ತು ನಿಂತಿದ್ದ ಮುದುಕನನ್ನು ಕೇಳಿದ.

"ಇಷ್ಟು ಗಟ್ಟಿ ಬಂಡೆಯಲ್ಲಿ ಈ ದಾರಿಯನ್ನು ಕೆತ್ತಿದವರು ಯಾರು?"

"ಯಾರೂ ಕೆತ್ತಿಲ್ಲ ಸ್ವಾಮಿ. ನೀರು ಎಳೆದೋರು ನಡೆದದ್ದು, ಅಷ್ಟೇಯ."

ಮಂತ್ರಿ ನಿಂತಲ್ಲೇ ನಿಂತ. ಅವನು ಚಕ್ರವರ್ತಿಗಳ ವಿಜಯಸ್ತಂಭಗಳನ್ನು ನೋಡಿದ್ದ. ಅರಮನೆಗಳನ್ನು ನೋಡಿದ್ದ. ಸಾವಿರ ಆಳುಗಳು ಉಳಿ ಹಿಡಿದು ಕೆತ್ತಿದ ಗುಡಿಗಳನ್ನು ನೋಡಿದ್ದ. ಬರಿಗಾಲು ಬಂಡೆಯನ್ನು ಸವೆಸಬೇಕಾದರೆ ಎಷ್ಟು ಜನ ನಡೆದಿರಬೇಕು, ಎಷ್ಟು ತಲೆಮಾರು ನಡೆದಿರಬೇಕು ಎಂದು ಎಣಿಸಲು ಹೋದ, ಆಗಲಿಲ್ಲ. ಆ ಕಾಲುಗಳಲ್ಲಿ ಒಂದಾದರೂ ತನ್ನ ಬಾಯಾರಿಕೆಗೆಂದು ನಡೆದದ್ದಲ್ಲ. ಅವನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಪಡುವಣದ ಮಂತ್ರಿಯೂ ತಲೆ ತಗ್ಗಿಸಿ ಅದನ್ನೇ ನೋಡುತ್ತಿದ್ದ. ಇಬ್ಬರೂ ಹಗ್ಗದ ಕೆಳಗೆ ಹೆಗಲು ಕೊಟ್ಟು, ಒಂದೇ ದಾರಿಯಲ್ಲಿ ಒಬ್ಬನ ಹಿಂದೆ ಒಬ್ಬ ನಡೆದರು. ಇತ್ತ ತೊಟ್ಟಿ ತುಂಬಿತು. ಕುರಿಗಳು ನುಗ್ಗಿದವು. ಸಂಜೆಯ ಹೊತ್ತಿಗೆ ಮುದುಕಿಯ ಡೇರೆಯಿಂದ ಮಗು ಅಳುವುದು ಕೇಳಿಸಿತು. ಬಾವಿಯ ಎರಡೂ ಕಡೆಯ ಜನ ಅದನ್ನು ಕೇಳಿ ನಕ್ಕರು.

ಮುದ್ರೆ ಒತ್ತದೆ ಮಂತ್ರಿಗಳು ಮರಳಿದರು. ಮೂಡಣದ ಚಕ್ರವರ್ತಿ, ಬಯಲು ನಮಗೆಷ್ಟು ಬಂತು ಎಂದು ಕೇಳಿದ. ಮಂತ್ರಿ ಕೈ ಮುಗಿದು, "ಪ್ರಭು, ಅಲ್ಲಿ ನನಗಾಗಿ ಒಬ್ಬ ನೀರು ಎಳೆದ. ಅವನು ಪಡುವಣದ ಕಡೆಯವನು. ಆಮೇಲೆ ನಾನೂ ಯಾರಿಗೋ ಎಳೆದೆ. ಅವರು ಯಾವ ಕಡೆಯವರೆಂದು ಕೇಳುವುದನ್ನು ಮರೆತೆ," ಎಂದ. ಚಕ್ರವರ್ತಿಗೆ ಅರ್ಥವಾಗಲಿಲ್ಲ. ಬಿಸಿಲಿಗೆ ಇವನ ತಲೆ ಕೆಟ್ಟಿದೆ ಎಂದುಕೊಂಡ. ಪಡುವಣದಲ್ಲೂ ಹೆಚ್ಚು ಕಡಿಮೆ ಹೀಗೇ ಆಯಿತಂತೆ. ಗೆರೆ ಎಳೆದ ಬಟ್ಟೆ ಎರಡೂ ಅರಮನೆಗಳ ಪೆಟ್ಟಿಗೆಯಲ್ಲಿ ಈಗಲೂ ಇದೆ ಎನ್ನುತ್ತಾರೆ. ಅದನ್ನು ಯಾರೂ ಅಳಿಸಲಿಲ್ಲ, ಅಳಿಸುವುದು ದೊಡ್ಡವರ ಅಭ್ಯಾಸವಲ್ಲ. ಬಾವಿಯ ಹತ್ತಿರ ನೆಟ್ಟ ಗಡಿಗಲ್ಲುಗಳೂ ಹಾಗೇ ಇವೆ. ಕುರಿಗಳು ಅವಕ್ಕೆ ಮೈ ತುರಿಸಿಕೊಳ್ಳುತ್ತವೆ.

ಗುರುಗಳು ಕತೆ ಮುಗಿಸಿ, ಒಳಗಿನಿಂದ ಅಂಬಲಿಯ ಪಾತ್ರೆಯನ್ನು ತಾವೇ ತಂದು ಮರುಳಯ್ಯನ ಮುಂದೆ ಇಟ್ಟರು. ಅವನು ಅದಕ್ಕೆ ಕೈ ಹಾಕಲಿಲ್ಲ. ಅವನ ಕಣ್ಣ ಮುಂದೆ ಇನ್ನೂ ಆ ಬಾವಿಯೇ ಇತ್ತು.

"ಎಂಥ ಜನ, ಬುದ್ಧೀ!" ಎಂದ ಕಡೆಗೆ. "ಆ ಬಂಡೆಯ ದಾರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸುತ್ತದೆ. ಅದಕ್ಕೆ ಅಡ್ಡಬೀಳಬೇಕು ಅನ್ನಿಸುತ್ತದೆ. ಅದು ಇರುವುದೆಲ್ಲಿ?"

ಗುರುಗಳು ಅವನ ಜೋಳಿಗೆಯನ್ನು ಎತ್ತಿ ಗೂಟಕ್ಕೆ ತೂಗುಹಾಕಿದರು. ಅದು ಖಾಲಿಯಾಗಿತ್ತು.

"ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಆ ತಾಯಿ, ನೀನು ತಿರುಗಿ ನೋಡದೆ ಬಂದ ಮೇಲೆ, ಇನ್ನೂ ಎಷ್ಟು ಹೊತ್ತು ಹಾಗೇ ನಿಂತಿದ್ದಳು, ಮರುಳಯ್ಯ?"

ಮರುಳಯ್ಯ ಎದ್ದು, ಗೂಟದಿಂದ ಜೋಳಿಗೆಯನ್ನು ಇಳಿಸಿಕೊಂಡ.